ಇನ್ವರ್‌ಕಾರ್ಗಿಲ್‌ನ ಯಶೋದಮ್ಮ

ಮಂಡ್ಯ
೧೨ ಆಗಸ್ಟ್ ೨೦೨೩

ಶ್ರೀಮತಿ ಯಶೋದಮ್ಮನವರಿಗೆ,

ನೀವು ನ್ಯೂಜಿಲೆಂಡಿನಿಂದ ಕಳಿಸಿದ ಉಣ್ಣೆಯ ಶಾಲು ತಲುಪಿತು. ಮಂಡ್ಯದಲ್ಲಿ ಉಣ್ಣೆ ಹೊದೆಯುವವರು ಯಾರೂ ಇಲ್ಲವೆಂಬುದು ಇಷ್ಟು ಬೇಗ ಮರೆತುಹೋಯಿತೇ? ಎದುರುಮನೆಯ ನಾಯಿ ಮರಿ ಹಾಕಿದೆ. ಅದರ ಗೋಣಿಚೀಲ ಒದ್ದೆಯಾಗಿತ್ತು. ಶಾಲನ್ನು ಅದಕ್ಕೆ ಹಾಸಿ ಬಂದೆ.

ನಿಮ್ಮ ನಂಬರನ್ನು ನನ್ನ ಫೋನಿನಲ್ಲಿ ಬ್ಲಾಕ್ ಮಾಡಿದ್ದೇನೆ. ಆದ್ದರಿಂದ ದಿನಾ ಕರೆ ಮಾಡಿ ಬೆರಳು ನೋಯಿಸಿಕೊಳ್ಳಬೇಡಿ. ಹೇಳಲೇಬೇಕಾದ್ದು ಏನಾದರೂ ಇದ್ದರೆ ಬರೆಯಿರಿ. ಓದುವುದೂ ಬಿಡುವುದೂ ನನಗೆ ಸೇರಿದ್ದು.

ಹೋದ ಭಾನುವಾರ ಆತಗೂರಿಗೆ ಹೋಗಿದ್ದೆ. ಹೊನ್ನಯ್ಯ ದೊಡ್ಡಪ್ಪ ಜಗಲಿಯ ಮೇಲೆ ಊರಿನವರನ್ನು ಕೂರಿಸಿಕೊಂಡು ಎಲೆ ಅಡಿಕೆ ಹಾಕುತ್ತಿದ್ದರು. ನನ್ನನ್ನು ಕಂಡದ್ದೇ, "ಏನವ್ವಾ ಕವಿತ, ನಿಮ್ಮವ್ವ ಆ ಅಯ್ಯಂಗಾರಿಗೆ ಮುದ್ದೆ ನುಂಗೋದ್ ಕಲಿಸುದ್ಲಾ, ಇಲ್ಲಾ ತಾನೇ ಪುಳಿಯೋಗರೆ ಕಲಸ್ತಾ ಕುಂತವ್ಳಾ?" ಎಂದರು. ಎಲ್ಲರೂ ನಕ್ಕರು. ಅಂಕಮ್ಮ ದೊಡ್ಡವ್ವ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ. ಬೇರೇನು ಮಾಡಬೇಕಿತ್ತು, ಹೇಳಿ?

ಅಪ್ಪ ಸತ್ತಾಗ ನಾನು ಮೂರನೇ ಕ್ಲಾಸು. ನೀವು ಆತಗೂರು ಬಿಟ್ಟು ಬಂದು ಮಳವಳ್ಳಿ ಕೋರ್ಟಿನ ಹಿಂದೆ ಮೆಸ್ಸು ಇಟ್ಟಿರಿ. ವಕೀಲರಿಗೂ ಕಕ್ಷಿಗಾರರಿಗೂ ಮುದ್ದೆ ತಿರುವಿ ನನ್ನನ್ನು ಬಿ.ಎಡ್. ಓದಿಸಿದಿರಿ. ಇದನ್ನು ಶಾಲೆಯಲ್ಲಿ ಎಲ್ಲರ ಹತ್ತಿರ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ಆ ಮೆಸ್ಸಿನ ಹೆಸರೆತ್ತಿದರೆ ಸ್ಟಾಫ್ ರೂಮಿನಲ್ಲಿ ಟೀಚರುಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಐವತ್ತಾರನೆಯ ವಯಸ್ಸಿನಲ್ಲಿ, ಊಟಕ್ಕೆ ಬಂದ ಗಿರಾಕಿಯನ್ನು ರಿಜಿಸ್ಟರ್ ಮದುವೆಯಾಗಿ, ಭೂಪಟದ ತುದಿಗೆ ಹಾರಿದ ತಾಯಿ ಇನ್ನಾರಿಗಿದ್ದಾಳೆ?

ಆ ಗಿರಾಕಿಯಾದರೂ ಎಂಥವನು! ಕಸ್ತೂರಿರಂಗ ಎಂಬ ಹೆಸರಿಟ್ಟುಕೊಂಡು ಮೂವತ್ತು ವರ್ಷ ಪರದೇಶದ ಕುರಿ ಕಡಿಯುವ ಕಾರ್ಖಾನೆಯಲ್ಲಿ ಲೆಕ್ಕ ಬರೆದವನು. ಹೆಂಡತಿ ತೀರಿಕೊಂಡ ಮೇಲೆ ಮಳವಳ್ಳಿಯ ಹಳೆಯ ಮನೆಯನ್ನು ತಮ್ಮನೊಂದಿಗೆ ಪಾಲು ಮಾಡಿಕೊಳ್ಳಲು ಬಂದವನು. ನಿಮ್ಮ ಉಪ್ಪೆಸರು ಉಂಡು ಕಣ್ಣಲ್ಲಿ ನೀರು ಹಾಕಿಕೊಂಡನಂತೆ. ಉಪ್ಪೆಸರಿಗೆ ಅಳುವ ಗಂಡಸನ್ನು ನಂಬಿ ಮನೆ ಬಿಟ್ಟ ಹೆಂಗಸು ಮಂಡ್ಯ ಜಿಲ್ಲೆಯಲ್ಲಿ ನೀವೊಬ್ಬರೇ ಇರಬೇಕು.

ಇತಿ,
ಕವಿತ ಶಶಿಧರ್

*

ಇನ್ವರ್‌ಕಾರ್ಗಿಲ್, ನ್ಯೂಜಿಲೆಂಡ್
೨ ಅಕ್ಟೋಬರ್ ೨೦೨೩

ಕವೀ,

ನಾಯಿಮರಿಗಳು ಹೇಗಿವೆ? ಶಾಲು ಗಲೀಜಾದರೆ ತಣ್ಣೀರಿನಲ್ಲಿ ಒಗೆಯಲು ಹೇಳು. ಬಿಸಿನೀರಿಗೆ ಹಾಕಿದರೆ ಕುಗ್ಗುತ್ತದೆ.

ನೀವು, ಬನ್ನಿ, ಹೋಗಿ ಅಂತ ಬರೆದಿದ್ದೀಯ. ಹೆತ್ತು ಇಷ್ಟು ವರ್ಷವಾದ ಮೇಲೆ ಮಗಳ ಬಾಯಲ್ಲಿ ಮರ್ಯಾದೆ ಬಂತು. ಇದಕ್ಕಾದರೂ ದೇಶ ಬಿಟ್ಟದ್ದು ಸಾರ್ಥಕ.

ಈ ಊರು ಹೇಗಿದೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ದರಿದ್ರ ಊರು. ಗಾಳಿ ಸಮುದ್ರದಿಂದ ಎದ್ದು ಯಾರ ಬಾಗಿಲೂ ಕೇಳದೆ ಒಳಗೆ ನುಗ್ಗುತ್ತದೆ. ಮರಗಳೆಲ್ಲ ಒಂದೇ ಕಡೆಗೆ ಬಗ್ಗಿಕೊಂಡಿವೆ, ನಿನ್ನ ದೊಡ್ಡಪ್ಪನ ಮುಂದೆ ನಿಂತ ಸೊಸೆಯರ ಹಾಗೆ. ಇಲ್ಲಿನ ಬ್ರೆಡ್ಡು ತಿಂದರೆ ಹತ್ತಿ ಅಗಿದ ಹಾಗಿರುತ್ತದೆ. ಹಸುಗಳು ಆನೆಯಂತಿವೆ, ಹಾಲು ಮಾತ್ರ ಸಪ್ಪೆ. ದಾರಿಯಲ್ಲಿ ಡಿಕ್ಕಿ ಹೊಡೆದವರೂ ಸಾರಿ ಅನ್ನುತ್ತಾರೆ, ಹೊಡೆಸಿಕೊಂಡವರೂ ಸಾರಿ ಅನ್ನುತ್ತಾರೆ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಇಂಥವರ ಮಧ್ಯೆ ಬದುಕುವುದು ಹೇಗೆ?

ಗಣೇಶನ ಹಬ್ಬಕ್ಕೆ ಇವರು ನನ್ನನ್ನು ಡುನೆಡಿನ್ ಅನ್ನುವ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದಷ್ಟು ಕನ್ನಡದವರು ಸೇರುತ್ತಾರೆ. ರೇಷ್ಮೆ ಸೀರೆ ಉಟ್ಟ ಒಬ್ಬಾಕೆ ನನ್ನ ಕೈ ಹಿಡಿದುಕೊಂಡು, "ಆಂಟೀ, ಇಲ್ಲಿ ಎಲ್ಲಾ ಇದೆ, ಆದ್ರೆ ನಮ್ಮ ಮಣ್ಣಿನ ವಾಸನೆ ಇಲ್ಲ" ಅಂತ ಕಣ್ಣು ಒರೆಸಿಕೊಂಡಳು. ಯಾವೂರಮ್ಮ ನಿಂದು ಅಂದೆ. ಬೆಂಗಳೂರು, ಜಯನಗರ ಅಂದಳು. "ಜಯನಗರದಲ್ಲಿ ಎಲ್ಲೈತಮ್ಮ ಮಣ್ಣು, ಎಲ್ಲಾ ಟಾರೇ ಅಲ್ವಾ?" ಅಂದೆ. ಆಮೇಲೆ ಆಕೆ ನನ್ನ ಹತ್ತಿರ ಸುಳಿಯಲಿಲ್ಲ. ಇನ್ನೊಬ್ಬಾಕೆ ಬಂದು, ನೀವು ಯಾವ ಕಡೆಯವರು, ಮನೆಯಲ್ಲಿ ಊಟ ಹೇಗೆ ಅಂತ ಸುತ್ತಿ ಬಳಸಿ ಜಾತಿ ಕೇಳಿದಳು. "ಊಟ ಬಾಯಲ್ಲೇ" ಅಂದೆ. ಇವರು ಪಕ್ಕದಿಂದ ನನ್ನ ಕೈ ಚಿವುಟಿದರು. ಸಭ್ಯಸ್ಥರು.

ಇರಲಿ. ಮನೆ ಬಿಟ್ಟ ಹೆಂಗಸು ಅಂತ ಬರೆದಿದ್ದೀಯಲ್ಲ, ಯಾವ ಮನೆ ಕವೀ? ವೈದ್ಯನಾಥಪುರದಲ್ಲಿ ಹುಟ್ಟಿದ ಮನೆಯಲ್ಲಿ ನಮ್ಮವ್ವ, "ನಿನ್ ಮನ್ಗೋದಾಗ ಇಂಗೆಲ್ಲಾ ಕುಣೀಬ್ಯಾಡ ಕಣಮ್ಮ" ಅನ್ನೋಳು. ಹಾಗಾದರೆ ನನ್ನ ಮನೆ ಬೇರೆ ಎಲ್ಲೋ ಇದೆ ಅಂತ ಆತಗೂರಿಗೆ ಬಂದೆ. ಅಡಿಗೆಮನೆಯಲ್ಲಿ ಮೊಸರುಗಡಿಗೆ ತೂಗುಹಾಕುವ ನೆಲುವು ನನ್ನ ಕೈಗೆ ಎಟುಕುತ್ತಿರಲಿಲ್ಲ. ಸ್ವಲ್ಪ ಕೆಳಗೆ ಕಟ್ಟಿಕೊಂಡೆ. ಅಂಕಮ್ಮಕ್ಕ ಅದನ್ನು ಬಿಚ್ಚಿ ಎಸೆದು, "ಇದೇನ್ ನಿಮ್ಮಪ್ಪನ್ ಮನೆ ಅನ್ಕಂಡಾ?" ಅಂದಳು. ಮಳವಳ್ಳಿಯ ಕೋಣೆ ಬಾಡಿಗೆಯದು, ಗೋಡೆಗೆ ಮೊಳೆ ಹೊಡೆಯಬಾರದು ಅಂತ ಓನರ್ ಮೊದಲೇ ಹೇಳಿದ್ದರು. ಕೊನೆಗೆ ಕಾಲುನೋವು ಅಂತ ನಿನ್ನ ಮನೆಗೆ ಬಂದೆ. ಹಾಲ್‌ನಲ್ಲಿದ್ದ ದಿವಾನ ನನಗೆ ಸಿಕ್ಕಿತು. ಟಿವಿ ಆರಿದ ಮೇಲೆ ಮಲಗುತ್ತಿದ್ದೆ. ನಿಮ್ಮ ಸ್ನೇಹಿತರು ಬಂದರೆ ಎದ್ದು ಅಡಿಗೆಮನೆಗೆ ಹೋಗಿ ನಿಲ್ಲುತ್ತಿದ್ದೆ. ಕಾಲು ವಾಸಿಯಾದದ್ದೇ ಹೋಗಿ ಮತ್ತೆ ಮೆಸ್ಸಿನ ಬಾಗಿಲು ತೆಗೆದೆ.

ಇದರಲ್ಲಿ ನಾನು ಯಾವುದನ್ನು ಬಿಟ್ಟು ಬಂದೆ ಅಂತ ತಿಳಿಸು. ತಿದ್ದಿಕೊಳ್ಳುತ್ತೇನೆ.

ನಿನ್ನವ್ವ,
ಯಶೋದಮ್ಮ

*

ಮಂಡ್ಯ
೨೦ ಜನವರಿ ೨೦೨೪

ಯಶೋದಮ್ಮನವರಿಗೆ,

ದಿವಾನದ ವಿಷಯ ಬರೆದಿದ್ದೀರಿ. ಬಹಳ ಚೆನ್ನಾಗಿದೆ. ನಮ್ಮದು ಎರಡು ಕೋಣೆಯ ಮನೆ. ಒಂದು ನಮಗೆ, ಒಂದು ಚಂದನಳಿಗೆ. ಮಗು ಓದಿಕೊಳ್ಳುವುದು ಬೇಡವೇ? "ನಂಗೆ ಹಾಲೇ ಸಾಕು, ಫ್ಯಾನ್ ಗಾಳಿ ಚೆನ್ನಾಗಿ ಬರ್ತದೆ" ಎಂದವರು ಯಾರು? ನೀವೇ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಾನೇನು ಬೀದಿಗೆ ಹಾಕುತ್ತಿದ್ದೆನಾ? ಆಗ ಸುಮ್ಮನಿದ್ದು, ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ಈಗ ಸಮುದ್ರದಾಚೆ ಕೂತು ಕಲ್ಲು ಬೀಸುತ್ತೀಯಲ್ಲ, ಇದು ನಿನಗೆ ನ್ಯಾಯವಾ?

ಶಶಿಧರ್ ಬ್ಯಾಂಕಿನಿಂದ ಕದ್ದು ನಿಮಗೆ ಫೋನ್ ಮಾಡುವುದು ನನಗೆ ಗೊತ್ತಾಗಿದೆ. "ಅತ್ತೆ ಅಲ್ಲಿ ಕೆಲಸಕ್ಕೆ ಸೇರಿದಾರಂತೆ" ಎಂದು ಬಾಯಿ ತಪ್ಪಿ ಅಂದರು. ವೃದ್ಧಾಶ್ರಮದ ಅಡಿಗೆಮನೆಯಂತೆ! ಬಿಳಿ ಮುದುಕರಿಗೆ ಆಲೂಗಡ್ಡೆ ಹಿಸುಕಿ ಕೊಡಲು ಅಷ್ಟು ದೂರ ಹೋಗಬೇಕಿತ್ತೇ? ಅದಕ್ಕೆ ಮಳವಳ್ಳಿಯಲ್ಲಿ ಮುದುಕರಿರಲಿಲ್ಲವೇ?

ಕವಿತ

*

ಇನ್ವರ್‌ಕಾರ್ಗಿಲ್
೯ ಜುಲೈ ೨೦೨೪

ಕವೀ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆದೆ, ಹರಿದೆ, ಮತ್ತೆ ಬರೆದೆ. ಕೊನೆಗೆ ದಿವಾನದ ವಿಷಯ ಬಿಟ್ಟು ಬೇರೆ ಏನಾದರೂ ಬರೆಯೋಣ ಅನ್ನಿಸಿತು.

ಆಲೂಗಡ್ಡೆ ಹಿಸುಕುತ್ತಿದ್ದೇನೆ, ನಿಜ. ಇಲ್ಲಿನ ಮುದುಕರು ನಮ್ಮ ಮುದುಕರಷ್ಟೇ ಕೆಟ್ಟವರು. ಉಪ್ಪು ಹೆಚ್ಚು ಅನ್ನುತ್ತಾರೆ, ಮರುದಿನ ಸಪ್ಪೆ ಅನ್ನುತ್ತಾರೆ. ಸಾರಿ ಅನ್ನುವ ಚಾಳಿ ವಯಸ್ಸಾದ ಮೇಲೆ ಬಿಟ್ಟುಹೋಗುತ್ತದೆ ಅಂತ ಕಾಣುತ್ತದೆ. ಅವರನ್ನು ಕಂಡ ಮೇಲೆ ನನಗೆ ಈ ದೇಶದ ಮೇಲೆ ಸ್ವಲ್ಪ ನಂಬಿಕೆ ಬಂತು.

ಆದರೆ ಹೇಳಬೇಕಾದ್ದು ಅದಲ್ಲ. ಮನೆಯ ಹಿತ್ತಲಿನಲ್ಲಿ ಸಾಸಿವೆ ಸೊಪ್ಪು ಹಾಕಿದ್ದೆ. ಈ ಚಳಿಗೆ ಅದೊಂದೇ ನನ್ನ ಮಾತು ಕೇಳಿ ಬೆಳೆಯುವುದು. ಪಕ್ಕದ ಮನೆಯಲ್ಲಿ ಮೊರೀನ್ ಅಂತ ಒಬ್ಬಳಿದ್ದಾಳೆ, ನನ್ನದೇ ವಯಸ್ಸು, ಎತ್ತಿನಂಥ ಕತ್ತು. ಒಂದು ಶನಿವಾರ ಅವಳು ತನ್ನ ಬೇಲಿಯ ಗಿಡ ಕತ್ತರಿಸಿ, ಮುಳ್ಳು ಕಡ್ಡಿಗಳನ್ನೆಲ್ಲ ನನ್ನ ಸೊಪ್ಪಿನ ಮಡಿಯ ಮೇಲೆ ಸುರಿದಿದ್ದಳು.

ಇವರಿಗೆ ಹೇಳಿದೆ. ಇವರು ಕಿಟಕಿಯಿಂದ ಬಗ್ಗಿ ನೋಡಿ, "ಹೋಗಲಿ ಬಿಡೆ. ನಾವು ಹೊರಗಿನವರು, ಹೊಂದಿಕೊಂಡು ಹೋಗಬೇಕು" ಅಂದರು. ಮೂವತ್ತು ವರ್ಷದಿಂದ ಇಲ್ಲಿದ್ದಾರೆ, ಇಲ್ಲಿನ ಪಾಸ್‌ಪೋರ್ಟು ಇದೆ, ಓಟು ಹಾಕುತ್ತಾರೆ. ಇನ್ನೂ ಹೊರಗಿನವರಂತೆ. ಮೂವತ್ತು ವರ್ಷ ಹೊಂದಿಕೊಂಡು ಹೋದವರ ಮುಖ ಹೇಗಿರುತ್ತದೆ ಅಂತ ಅವತ್ತು ಸರಿಯಾಗಿ ನೋಡಿದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಸೆರಗು ಸಿಕ್ಕಿಸಿಕೊಂಡು ಬೇಲಿಯ ಹತ್ತಿರ ಹೋದೆ. ಇಂಗ್ಲಿಷು ನೆನಪಾಗುವಷ್ಟು ಪುರುಸೊತ್ತು ಇರಲಿಲ್ಲ. "ಏನಮ್ಮೀ, ಕಣ್ ಕಾಣಾಕಿಲ್ವಾ ನಿಂಗೆ? ಅನ್ನ ಉಣ್ಣೋರ್ ಮಾಡೋ ಕೆಲ್ಸವಾ ಇದು? ನಿನ್ ಮುಳ್ಳು ನೀನೇ ಎತ್ಕಂಡೋಗು!" ಅಂತ ಶುರು ಮಾಡಿದವಳು ಅವಳ ಏಳು ತಲೆಮಾರು ಮುಗಿಸಿದೆ. ಅವಳೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಅವಳ ಭಾಷೆಯಲ್ಲಿ ಶುರು ಮಾಡಿದಳು. ಅವಳು ಅಂದದ್ದು ನನಗೆ ಗೊತ್ತಾಗಲಿಲ್ಲ, ನಾನು ಅಂದದ್ದು ಅವಳಿಗೆ ಗೊತ್ತಾಗಲಿಲ್ಲ. ಆದರೆ ಇಬ್ಬರಿಗೂ ಅರ್ಥವಾಯಿತು. ಇವರು ಒಳಗೆ ಪರದೆ ಎಳೆದುಕೊಂಡು ಕೂತಿದ್ದರು.

ಮರುದಿನ ಮುಳ್ಳೆಲ್ಲ ಎತ್ತಿಯಾಗಿತ್ತು. ಮೊರೀನ್ ಬೇಲಿಯಾಚೆಯಿಂದ ನನ್ನ ಸೊಪ್ಪು ತೋರಿಸಿ ಮೂಗು ಮುರ್ಕೊಂಡು, ಇದನ್ನೂ ತಿನ್ನುತ್ತಾರಾ ಅಂದಳು. ನಿನ್ನ ಬ್ರೆಡ್ಡಿಗಿಂತ ವಾಸಿ ಅಂದೆ. ಅವತ್ತಿನಿಂದ ಒಂದು ದಿನವೂ ಬಿಡದೆ ಒಬ್ಬರನ್ನೊಬ್ಬರು ಹಂಗಿಸಿಕೊಳ್ಳುತ್ತೇವೆ.

ಕವೀ, ಆತಗೂರಿನಲ್ಲಿದ್ದಷ್ಟು ದಿನ ನಾನು ಯಾರನ್ನಾದರೂ ಬೈದದ್ದನ್ನು ನೀನು ಕೇಳಿದ್ದೀಯಾ? ಮಳವಳ್ಳಿಯಲ್ಲಿ? ನಿನ್ನ ಮನೆಯಲ್ಲಿ? ಒಳ್ಳೆ ಹೆಂಗಸು, ಬಾಯಿಲ್ಲದವಳು ಅಂತ ಎಲ್ಲರೂ ಹೊಗಳೋರು. ಬೈಯುವುದಕ್ಕೆ ಕಾಲ ಕೆಳಗೆ ನೆಲ ಇರಬೇಕು. ಆ ಶನಿವಾರ ಬೇಲಿಯ ಹತ್ತಿರ ನಿಂತಾಗ ನನಗೆ ನೆಲ ಸಿಕ್ಕಿತು. ಒಳಗೆ ಬಂದು ಗೋಡೆಗೆ ಎರಡು ಮೊಳೆ ಹೊಡೆದೆ. ನೇತುಹಾಕಲು ಏನೂ ಇರಲಿಲ್ಲ.

ನಿನ್ನವ್ವ

*

ಇನ್ವರ್‌ಕಾರ್ಗಿಲ್
೧೬ ಫೆಬ್ರವರಿ ೨೦೨೫

ಕವೀ,

ನೀನು ಉತ್ತರ ಬರೆಯಲಿಲ್ಲ. ಸರಿ. ಈಗ ಬರೆಯುವ ಸುದ್ದಿ ಓದಿ ನಿನಗೆ ಖುಷಿಯಾಗುತ್ತದೆ.

ಇವರು ಹೊರಟುಹೋದರು.

ಜಗಳವಿಲ್ಲ, ಏನಿಲ್ಲ. ಕೆಲಸದಿಂದ ನಿವೃತ್ತಿಯಾದ ಮೇಲೆ ಇವರಿಗೆ ಊರಿನ ಹುಚ್ಚು ಹಿಡಿಯಿತು. ಬೆಳಗಾದರೆ ಫೋನಿನಲ್ಲಿ ಮಳವಳ್ಳಿಯ ವಿಡಿಯೋ. ಯಾರೋ ಕಾಲೇಜು ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗಾಡಿಗಳನ್ನು ತೋರಿಸುತ್ತಾನೆ, ಇವರು ಇಲ್ಲಿ ಕೂತು ಮೂಗು ಸೀಟುತ್ತಾರೆ. ಒಂದು ದಿನ ಕಾಫಿ ಲೋಟ ಕೆಳಗಿಟ್ಟು, "ಯಶೋದಾ, ನಮ್ಮೂರಿಗೆ ಹೋಗಿಬಿಡೋಣ ಕಣೆ. ಇಲ್ಲಿ ಸತ್ತರೆ ಹೊರೋಕೆ ನಾಲ್ಕು ಜನ ಇಲ್ಲ" ಅಂದರು.

"ಸತ್ತ ಮೇಲೆ ಯಾರು ಹೊತ್ತರೆ ನಿಮಗೇನು? ಬದುಕಿದ್ದಾಗ ಅಲ್ಲಿ ನಿಮ್ಮನ್ನ ಯಾರು ಹೊರ್ತಾರೆ ಅದು ಹೇಳಿ" ಅಂದೆ.

"ನಮ್ಮವರು ಇದ್ದಾರೆ. ತಮ್ಮ ಮಧುಕರ ಇದ್ದಾನೆ. ಮನೇಲಿ ನನ್ನ ಪಾಲಿದೆ."

"ನಿಮಗೆ ಪಾಲಿದೆ. ನನ್ನನ್ನ ಎಲ್ಲಿ ಕೂರಿಸ್ತಾರೆ? ಕೊಟ್ಟಿಗೇಲಾ?"

ಕಾಫಿ ಲೋಟ ತೊಳೆಯಲು ಎದ್ದು ಹೋದರು. ಅವರಿಗೂ ಗೊತ್ತು. ಆದರೂ ನಾಲ್ಕು ದಿನ ಬಿಟ್ಟು ಮತ್ತೆ ಅದೇ ರಾಗ. ಇದು ನಮ್ಮದಲ್ಲ, ನಾವು ಇಲ್ಲಿಯವರಲ್ಲ. ಕೊನೆಗೆ ನಾನೇ ಅಂದೆ: "ನಿಮ್ಮದಲ್ಲದಿರಬಹುದು. ನಂದು ಅಂತ ನಾನು ಆಗಲೇ ಅಂದ್ಕೊಂಡುಬಿಟ್ಟಿದ್ದೀನಿ. ನೀವು ಹೋಗಿ. ನಾನು ಬರಲ್ಲ."

ನಾನು ಹೆದರಿ ಹಿಂದೆ ಬರುತ್ತೇನೆ ಅಂದುಕೊಂಡಿದ್ದರು ಅಂತ ಕಾಣುತ್ತದೆ. ನಾನು ಅವರ ಪೆಟ್ಟಿಗೆ ಜೋಡಿಸಿಕೊಟ್ಟೆ. ಬಾಡಿಗೆ ಮನೆಯ ಕಾಗದವನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಇಲ್ಲೇ ಇರುವುದಕ್ಕೆ ಬೇಕಾದ ಸರ್ಕಾರದ ಒಪ್ಪಿಗೆ ನನಗೆ ಮೊದಲೇ ಬಂದಿತ್ತು. ಆಶ್ರಮದ ಕೆಲಸವೂ ಇದೆ. ವಿಮಾನ ನಿಲ್ದಾಣದಲ್ಲಿ ಅತ್ತರು. ಈ ಮನುಷ್ಯ ಅಳುವುದಕ್ಕೆ ಕಾರಣ ಬೇಕಿಲ್ಲ ಅಂತ ನೀನೇ ಮೊದಲು ಬರೆದಿದ್ದೆ.

ಹೊನ್ನಯ್ಯ ಭಾವನಿಗೆ ಹೇಳು, ಯಶೋದಿಯ ಗಂಡ ಬಿಟ್ಟುಹೋದ ಅಂತ. ಎಲೆ ಅಡಿಕೆ ರುಚಿಯಾಗಲಿ.

ನಿನ್ನವ್ವ

*

ಮಂಡ್ಯ
೧೦ ಮಾರ್ಚ್ ೨೦೨೫

ಯಶೋದಮ್ಮನವರಿಗೆ,

ನನಗೆ ಖುಷಿಯಾಗಿಲ್ಲ. ಆಶ್ಚರ್ಯವೂ ಆಗಿಲ್ಲ.

ಅಲ್ಲಿ ಒಬ್ಬಳೇ ಇದ್ದು ಯಾರಿಗೆ ಏನು ತೋರಿಸಬೇಕಾಗಿದೆ? ಬೇಲಿಯಾಚೆ ಒಬ್ಬ ಬಿಳಿ ಹೆಂಗಸು ಬೈದರೆ ಅದು ಊರಾಗುತ್ತದೆಯೇ? ದೊಡ್ಡಪ್ಪ ಆತಗೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಮೇ ತಿಂಗಳಲ್ಲಿ ಗೃಹಪ್ರವೇಶ. ಅಷ್ಟರೊಳಗೆ ಬಂದು, ಎಲ್ಲರೆದುರು ಒಂದು ದಿನ ತಲೆ ತಗ್ಗಿಸಿ ನಿಂತರೆ ಮುಗಿಯಿತು. ಜನ ಮರೆಯುತ್ತಾರೆ. ಟಿಕೆಟ್ ನಾನು ಕಳಿಸುತ್ತೇನೆ. ಚಂದನಳನ್ನು ನಮ್ಮ ಕೋಣೆಯಲ್ಲಿ ಮಲಗಿಸಿಕೊಳ್ಳುತ್ತೇನೆ.

ಬಾ.

ಕವಿತ

*

ಇನ್ವರ್‌ಕಾರ್ಗಿಲ್
೨೮ ಮಾರ್ಚ್ ೨೦೨೫

ಕವೀ,

ಬರಲ್ಲ.

ಮಗುವಿನ ಕೋಣೆ ಮಗುವಿಗೇ ಇರಲಿ.

ಅವ್ವ

*

ಮಂಡ್ಯ
೧೦ ಜೂನ್ ೨೦೨೫

ಅವ್ವ,

ಹೋದ ತಿಂಗಳು ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ನಿನ್ನ ಗಂಡ. ಒಂದು ಪೆಟ್ಟಿಗೆ, ಒಂದು ಕೊಡೆ. "ಕವಿತ ಅವರಲ್ವಾ? ನಾನು ಕಸ್ತೂರಿರಂಗ" ಎಂದರು. ಮೊದಲನೆಯ ಸಲ ನೋಡಿದ್ದು. ಇಷ್ಟು ಸಣ್ಣ ಆಳು ಎಂದು ನಾನು ಅಂದುಕೊಂಡಿರಲಿಲ್ಲ. ಇವರ ಮೇಲೆ ಎರಡು ವರ್ಷ ಇಷ್ಟು ಸಿಟ್ಟು ಖರ್ಚು ಮಾಡಿದೆನೇ ಎಂದು ನಾಚಿಕೆಯಾಯಿತು.

ಒಳಗೆ ಬನ್ನಿ ಎನ್ನದೆ ವಿಧಿಯಿರಲಿಲ್ಲ. ಕೂತರು. ನೀನು ಅವರ ಫೋನ್ ಎತ್ತುತ್ತಿಲ್ಲವಂತೆ. "ಯಶೋದ ನಿಮಗೇನಾದರೂ ಬರೆದಿದ್ದಾಳಾ?" ಎಂದು ಕೇಳಿದರು. "ಬರೆದಿದ್ದಾರೆ. ನಿಮ್ಮ ವಿಷಯ ಏನೂ ಇಲ್ಲ" ಎಂದೆ.

ಮಳವಳ್ಳಿಯ ಕಥೆ ಕೇಳದೆಯೇ ಹೇಳಿಕೊಂಡರು. ತಮ್ಮ ಮಧುಕರ ಇವರಿಗೆ ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಕೋಣೆ ಕೊಟ್ಟಿದ್ದಾನೆ. ತಿಂಡಿಗೆ ಕೂತಾಗಲೆಲ್ಲ, "ಅಣ್ಣ, ನಿಂದು ರಿಟರ್ನ್ ಯಾವತ್ತು?" ಎಂದು ನಗುತ್ತಾ ಕೇಳುತ್ತಾನೆ. ತಟ್ಟೆ ಬೇರೆ, ಲೋಟ ಬೇರೆ, ನಿನ್ನನ್ನು ಮುಟ್ಟಿದವರಲ್ಲವೇ. ಹಳೆಯ ಬೀದಿಯಲ್ಲಿ ಹೋಗಿ ನಾನು ಇಂಥವರ ಮಗ ಎಂದರೆ, "ಯಾರ್ ಸಾಮಿ? ಗೊತ್ತಾಗ್ನಿಲ್ವಲ್ಲಾ" ಎಂದು ಅಂಗಡಿಯವರು ಮೊಬೈಲಿಗೆ ಸ್ಟಿಕ್ಕರ್ ಅಂಟಿಸುತ್ತಾ ಕೂತರಂತೆ. ಕೋರ್ಟಿನ ಹಿಂದೆ ನಿನ್ನ ಮೆಸ್ಸಿದ್ದ ಜಾಗದಲ್ಲಿ ಈಗ ಜೆರಾಕ್ಸ್ ಅಂಗಡಿ. ಅದರ ಮುಂದೆ ನಿಂತಿದ್ದಾಗ ಅಂಗಡಿಯವನು ಎಷ್ಟು ಕಾಪಿ ಬೇಕು ಎಂದನಂತೆ.

ನನಗೆ ಕರುಣೆ ಬರಲಿಲ್ಲ. ಮೂವತ್ತು ವರ್ಷ ಊರು ಊರು ಎಂದು ಜಪ ಮಾಡಿದವರಿಗೆ ಊರು ಇಷ್ಟೇ ಎಂದು ಯಾರಾದರೂ ಹೇಳಬೇಕಿತ್ತು. ನೀನು ಹೇಳಿದ್ದೆ, ಕೇಳಲಿಲ್ಲ.

ಸಂಜೆ ಮಳೆ ಹಿಡಿಯಿತು. ಶಶಿಧರ್ ಇರಿ ಎಂದರು. ದಿವಾನದ ಮೇಲೆ ಮಲಗಿದರು. ಬೆಳಿಗ್ಗೆ ನಾನೆದ್ದು ಬರುವಷ್ಟರಲ್ಲಿ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ, ಅಲ್ಲಿ ಯಾರೂ ಮಲಗಿರಲೇ ಇಲ್ಲ ಎನ್ನುವ ಹಾಗೆ ಮಾಡಿ, ತಾವು ತುದಿಯಲ್ಲಿ ಕೂತಿದ್ದರು. ನೀನೂ ಹಾಗೆಯೇ ಮಡಿಸಿಡುತ್ತಿದ್ದೆ. ನನಗೆ ತಡೆಯಲಾರದಷ್ಟು ಕೋಪ ಬಂತು. ಶಶಿಧರ್ ಮೇಲೆ ರೇಗಿದೆ. ಅವರಿಗೆ ಯಾಕೆಂದು ಗೊತ್ತಾಗಲಿಲ್ಲ.

ಆಮೇಲೆ ಆತಗೂರಿನ ಗೃಹಪ್ರವೇಶ. ಮನೆಗೆ ಅರಿಶಿನ ಬಣ್ಣ, ಮುಂದೆ ಎರಡು ಸಿಂಹ. ಊಟಕ್ಕೆ ಕೂತಿದ್ದೆವು. ಅಂಕಮ್ಮ ದೊಡ್ಡವ್ವ ಹೋಳಿಗೆ ಬಡಿಸುತ್ತಾ, ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ, "ಏನವ್ವಾ, ನಿಮ್ಮವ್ವನ್ ಬುಟ್ಬುಟ್ಟು ಬಂದ್ಬುಟ್ನಂತಲ್ಲ ಆ ಅಯ್ಯಂಗಾರಿ?" ಎಂದರು. ದೊಡ್ಡಪ್ಪ ಹಿಂದಿನಿಂದ ಬಂದು, "ಬಂದ್ರೆ ಬರೇಳವ್ವ. ಮನೆ ದೊಡ್ಡದಾಗ್ ಕಟ್ಟಿವ್ನಿ. ಇಂದ್ಗಡೆ ಗೊಬ್ಬರದ್ ಮೂಟೆ ಮಡಗೋ ರೂಮೈತೆ. ಒಂದ್ ಮೂಲೇಲಿ ಬಿದ್ದಿರ್ಲಿ, ನಮ್ಗೇನು" ಎಂದರು. ಎಲ್ಲರೂ ನಕ್ಕರು. ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಯಾವಾಗ ನಗುತ್ತೇನೆ ಎಂದು.

ಶಾಲೆಯ ಭಾಷೆ ನನ್ನ ಬಾಯಿಗೆ ಬರಲಿಲ್ಲ. "ಅವ್ರು ಬುಟ್ಟು ಬಂದಿಲ್ಲ ದೊಡ್ಡಪ್ಪ. ನಮ್ಮವ್ವನೇ ಆಚ್ಗ್ ಕಳಿಸವ್ಳೆ. ಅವ್ಳಿಗ್ ಅಲ್ಲಿ ಮನೆ ಐತೆ, ಕೆಲ್ಸ ಐತೆ, ಜಗಳಾಡಕ್ಕೆ ಜನ ಅವ್ರೆ. ನಿಮ್ ಮೂಲೇನ ನೀವೇ ಮಡಿಕ್ಕಳಿ. ವಯಸ್ಸಾದ್ಮೇಲೆ ನಿಮ್ ಮಕ್ಳು ನಿಮ್ಗೇ ಕೊಡ್ತಾರೆ, ಬೇಕಾಯ್ತದೆ" ಎಂದೆ.

ಎಲೆಯ ಮುಂದಿನಿಂದ ಎದ್ದೆ. ಶಶಿಧರ್ ಅರ್ಧ ಹೋಳಿಗೆ ಬಿಟ್ಟು ಚಂದನಳ ಕೈ ಹಿಡಿದುಕೊಂಡು ಹಿಂದೆಯೇ ಬಂದರು. ಕಾರಿನಲ್ಲಿ ಕೂತ ಮೇಲೆ ನನ್ನ ಕೈಕಾಲು ನಡುಗುತ್ತಿದ್ದವು. ಮದ್ದೂರು ದಾಟಿದೆವು. ಅಲ್ಲಿ ಚಂದನ, "ಅಮ್ಮ, ನೀನು ಅಜ್ಜಿ ತರ ಬೈದೆ" ಎಂದಳು. ಅಜ್ಜಿ ಬೈದದ್ದನ್ನು ನೀನೆಲ್ಲಿ ಕೇಳಿದೆ ಎಂದರೆ, ಅಪ್ಪನ ಫೋನಿನಲ್ಲಿ ಎಂದಳು. ಈ ಮನೆಯಲ್ಲಿ ಎಲ್ಲರೂ ಕಳ್ಳರು.

ನಿನ್ನ ಗಂಡ ವಾಪಸ್ಸು ಬರುತ್ತಿದ್ದಾರೆ. ನಾನು ಕಳಿಸುತ್ತಿಲ್ಲ, ತಾವಾಗಿಯೇ ಹೊರಟಿದ್ದಾರೆ. ಬೆಂಗಳೂರಿನವರೆಗೆ ಬಿಟ್ಟು ಬರುತ್ತೇವೆ. ಸೇರಿಸಿಕೊಳ್ಳುವುದೂ ಬಿಡುವುದೂ ನಿನ್ನ ಇಷ್ಟ. ಸೇರಿಸಿಕೊಳ್ಳಬೇಡ ಎಂದೇ ನನ್ನ ಅಭಿಪ್ರಾಯ. ಈ ಕಾಗದವನ್ನು ಅವರ ಕೈಯಲ್ಲೇ ಕೊಟ್ಟಿದ್ದೇನೆ. ಕವರು ಅಂಟಿಸಿಲ್ಲ. ದಾರಿಯಲ್ಲಿ ಓದಿಕೊಳ್ಳಲಿ.

ಕವಿ

*

ಇನ್ವರ್‌ಕಾರ್ಗಿಲ್
೧೬ ಜೂನ್ ೨೦೨೫

ಕವೀ,

ಎಲೆಯ ಮುಂದಿನಿಂದ ಎದ್ದದ್ದು ತಪ್ಪು. ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ಬೈಯಬೇಕು. ಹಸಿದ ಹೊಟ್ಟೆಯಲ್ಲಿ ಬೈದರೆ ಕೈಕಾಲು ನಡುಗದೆ ಇನ್ನೇನಾಗುತ್ತದೆ? ಟೀಚರಾಗಿ ಇಷ್ಟೂ ಗೊತ್ತಿಲ್ಲ ನಿನಗೆ. ಹೊನ್ನಯ್ಯ ಭಾವನ ಮುಖ ಹೇಗಾಯಿತು ಅಂತ ಬರೆದಿಲ್ಲ. ಅದೇ ಮುಖ್ಯವಾದದ್ದು. ಶಶಿಧರ್ ಹತ್ತಿರ ಕೇಳಿಕೊಳ್ಳುತ್ತೇನೆ.

ಈ ಮನುಷ್ಯ ನಿನ್ನೆ ಸಂಜೆ ಬಂದರು. ಮಳೆಯೂ ಅಲ್ಲದ ಆಲಿಕಲ್ಲೂ ಅಲ್ಲದ ಏನೋ ಒಂದು ಅಡ್ಡಡ್ಡ ಹೊಡೆಯುತ್ತಿತ್ತು. ಇವರ ಹತ್ತಿರ ಬೀಗದ ಕೈ ಇದೆ, ಹೋಗುವಾಗ ನಾನು ಕೇಳಿರಲಿಲ್ಲ. ಆದರೂ ಬೆಲ್ ಒತ್ತಿದರು. ಕಿಟಕಿಯಿಂದ ನೋಡಿದೆ. ಒಲೆಯ ಮೇಲಿದ್ದ ಸಾರಿಗೆ ಒಗ್ಗರಣೆ ಹಾಕಿ, ಒಲೆ ಆರಿಸಿ, ಆಮೇಲೆ ಹೋಗಿ ಬಾಗಿಲು ತೆಗೆದೆ.

"ಯಾರು ಬೇಕಾಗಿತ್ತು?" ಅಂದೆ.

ನಿನ್ನ ಕಾಗದ ಕೊಟ್ಟರು. ಅಲ್ಲೇ ಹೊಸಿಲಿನ ಮೇಲೆ ನಿಂತು ಪೂರ್ತಿ ಓದಿದೆ. ಆತಗೂರಿನ ಭಾಗವನ್ನು ಮತ್ತೆ ಓದಿದೆ. ಇವರು ಅಷ್ಟು ಹೊತ್ತೂ ಆಚೆ ನೆನೆಯುತ್ತಾ ನಿಂತಿದ್ದರು. ದಾರಿಯಲ್ಲಿ ಓದಿದಿರಾ ಅಂದರೆ ಹೂಂ ಅಂದರು. ಮಗಳು ಬರೆದದ್ದು ಸರಿ ಇದೆಯಾ ಅಂದರೆ ಅದಕ್ಕೂ ಹೂಂ ಅಂದರು.

"ಮತ್ತೆ ಯಾಕೆ ಬಂದಿರಿ? ನಿಮ್ಮೂರು ಅಲ್ಲಿದೆಯಲ್ಲ."

"ಅಲ್ಲಿ ಎಲ್ಲರೂ ವಾಪಸ್ಸು ಯಾವತ್ತು, ವಾಪಸ್ಸು ಯಾವತ್ತು ಅಂತ ಕೇಳಿದರು ಕಣೆ" ಅಂದರು. ಹಲ್ಲು ಕಟಕಟ ಅನ್ನುತ್ತಿತ್ತು. "ಅವರು ಕೇಳಿದಾಗೆಲ್ಲ ನನಗೆ ಈ ಬಾಗಿಲೇ ಕಣ್ಣಮುಂದೆ ಬರ್ತಿತ್ತು."

"ಯಾರದು ಈ ಬಾಗಿಲು?"

"ನಿಂದು" ಅಂದರು. "ನಿನ್ನ ಮನೆ ಯಶೋದ. ಒಳಗೆ ಬರಲಾ?"

ಐವತ್ತೆಂಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ, ಕವೀ. ನಿಮ್ಮಪ್ಪ ಒಳ್ಳೆಯ ಮನುಷ್ಯ, ಅವನೂ ಕೇಳಿರಲಿಲ್ಲ. ಕೇಳುವ ಪ್ರಸಂಗವೇ ಅವನಿಗೆ ಬರಲಿಲ್ಲ. ಕೂಡಲೇ ಹೂಂ ಅಂದುಬಿಡಬೇಕು ಅನ್ನಿಸಿತು. ಆದರೆ ಅದನ್ನು ಇವರಿಗೆ ತೋರಿಸುವಷ್ಟು ದಡ್ಡಿ ನಾನಲ್ಲ.

"ಶೂ ಆಚೆ ಬಿಚ್ಚಿ ಬನ್ನಿ" ಅಂದೆ. "ನೆಲ ಈಗ ತಾನೇ ಒರೆಸಿದ್ದೀನಿ."

ನಿನ್ನವ್ವ,
ಯಶೋದಮ್ಮ